ಬಟ್ಟೆಯಲ್ಲಿ ಉಳಿದುಹೋದವಳು

ಕುಪ್ಪಸ ತೂಗುಹಾಕಿದ್ದ ಗೂಟ ಖಾಲಿಯಾಗಿತ್ತು. ಅದನ್ನು ಕಂಡದ್ದೇ ಲೋಶಾ ಅಂಗಡಿಯ ಹೊಸ್ತಿಲ ಮೇಲೆ ಕೂತುಬಿಟ್ಟಳು.

"ಈಗ ತಾನೇ ಹೋಯ್ತಲ್ಲೇ," ಅಂದಳು ಪಷ್ಕು. ಬೆಟ್ಟದ ಹೆಂಗಸರು ನೇಯ್ದದ್ದನ್ನು ಪಟ್ಟಣದಲ್ಲಿ ಮಾರಿಕೊಡುವವಳು ಅವಳೇ. "ಬಿಳೀ ಹೆಂಗಸೊಬ್ಬಳು ಮೈಮೇಲೆ ಹಾಕ್ಕೊಂಡೇ ಹೋದ್ಲು. ಮಾರದಿದ್ರೂ ಅಳ್ತೀರಿ, ಮಾರಿದ್ರೂ ಅಳ್ತೀರಿ!"

"ಅದ್ರೊಳಗೆ ನನ್ನ ಮಗಳು ಉಳ್ಕೊಂಡಿದಾಳೆ, ಅಕ್ಕಾ."

ಪಷ್ಕು ನಗಲಿಲ್ಲ. ಅವಳು ಹುಟ್ಟಿದ್ದೂ ಅದೇ ಬೆಟ್ಟದಲ್ಲಿ. "ಹಂಗಾದ್ರೆ ಇಲ್ಲೇನ್ ಕೂತಿದೀಯ? ಚರ್ಚಿನ ಕಡೆ ಹೋದ್ಲು, ಓಡು. ನೀನು ನೇಯ್ದ ಕೆಂಪು ಕಪ್ಪೆಗಳು ಕಣ್ಣಿಗೆ ಬಿದ್ದೇ ಬೀಳ್ತವೆ."

ಆ ಕುಪ್ಪಸ ನೇಯುವಷ್ಟು ಕಾಲ ನಾಲ್ಕು ವರ್ಷದ ಶುಂಕಾ ಮಗ್ಗದ ಕೆಳಗೇ ಸಂಸಾರ ಹೂಡಿದ್ದಳು. ಮಗ್ಗದ ಒಂದು ತುದಿ ಅಂಗಳದ ಪೀಚ್ ಮರಕ್ಕೆ, ಇನ್ನೊಂದು ಲೋಶಾಳ ಸೊಂಟಕ್ಕೆ. ನಡುವೆ ಹತ್ತಿ ನೂಲಿನ ಚಪ್ಪರ. ಅದರಡಿಯಲ್ಲೇ ಜೋಳದ ಗಂಜಿ, ಅದರಡಿಯಲ್ಲೇ ನಿದ್ದೆ, ಅಲ್ಲಿಂದಲೇ ಹಾಸುನೂಲನ್ನು ಬೆರಳಲ್ಲಿ ಮೀಟಿ ಬೈಸಿಕೊಳ್ಳುವುದು. ಮಗು ಮಲಗೆದ್ದ ಮಗ್ಗದ ಬಟ್ಟೆಯನ್ನು ಹೊರಗೆ ಕೊಡುವಾಗ ಬಾಗಿಲಲ್ಲಿ ಕೊಡವಿ, ಮಗುವಿನ ಹೆಸರು ಹಿಡಿದು ಕೂಗಬೇಕು. ಇಲ್ಲದಿದ್ದರೆ ಅದರ ಜೀವ ಎಳೆಗಳ ನಡುವೆ ಮಲಗಿಬಿಡುತ್ತದೆ. ಕುಪ್ಪಸ ಕಳಿಸುವ ದಿನ ಪಟ್ಟಣದ ಲಾರಿ ಹಾರನ್ ಹೊಡೆಯುತ್ತಿತ್ತು. ಆತುರಗಾರನಿಗೆ ಬುದ್ಧಿ ಮಟ್ಟ. ಲೋಶಾ ಹಾಗೇ ಮಡಚಿ ಕೊಟ್ಟುಬಿಟ್ಟಳು.

ಅಂದಿನಿಂದ ಶುಂಕಾ ಮಂಕಾದಳು. ಕೂರಿಸಿದಲ್ಲಿ ಕೂತಳು, ತಿನ್ನಿಸಿದ್ದು ತಿಂದಳು. ಕರೆದರೆ ಮಾತ್ರ ತಿರುಗಲಿಲ್ಲ. ನರ್ಸಮ್ಮ ಕಿವಿಯೊಳಗೆ ಬೆಳಕು ಬಿಟ್ಟು ನೋಡಿ ಎಲ್ಲ ಸರಿಯಿದೆ ಅಂದಳು. "ಕಿವಿ ಸರಿಯಿದ್ದು ಏನ್ ಬಂತು? ಕೇಳೋಳೇ ಮನೇಲಿಲ್ವಲ್ಲ!" ಎಂದು ಅತ್ತೆ ಸಿಡುಕಿದಳು. "ಅವಳ ಅಂಗಿ ತಗೊಂಡ್ ಹೋಗಿ ಕರಿ. ಕರೆದ ಮೇಲೆ ಮನೆ ಮುಟ್ಟೋವರ್ಗೂ ತುಟಿ ಬಿಚ್ಬೇಡ."

ಲೋಶಾ ಅಂಗಡಿಯಿಂದ ಬೀದಿಗಿಳಿದಳು. ಮಂಜು ಇನ್ನೂ ಕರಗಿರಲಿಲ್ಲ. ಹಳದಿ, ನೀಲಿ ಗೋಡೆಗಳು ಅದರಲ್ಲಿ ತೇಲುತ್ತಿದ್ದವು. ನಡೆಯುತ್ತಿರುವುದು ತಾನೋ ಬೀದಿಯೋ ತಿಳಿಯಲಿಲ್ಲ. ಚರ್ಚಿನ ಮುಂದೆ ಥಟ್ಟನೆ ಕಂಡವು ಕೆಂಪು ಕಪ್ಪೆಗಳು. ಅವಳೇ ನೇಯ್ದ, ಮಳೆ ಕರೆಯುವ ಕಪ್ಪೆಗಳ ಸಾಲು, ಯಾರದೋ ಅಗಲ ಬೆನ್ನಿನ ಮೇಲೆ ಕುಪ್ಪಳಿಸುತ್ತ ಹೋಗುತ್ತಿತ್ತು.

ಆ ಹೆಂಗಸು ಕಲ್ಲುಬೆಂಚಿನ ಮೇಲೆ ಕೂತಳು. ಲೋಶಾ ಹತ್ತಿರ ಹೋದದ್ದೇ, ಏನೋ ಮಾರಲು ಬಂದವಳೆಂದು ಕೈಯಾಡಿಸಿ ಬೇಡ ಬೇಡ ಅಂದಳು. ಲೋಶಾ ಮಂಡಿಯೂರಿ ಕುಪ್ಪಸದ ಅಂಚು ಹಿಡಿದುಕೊಂಡಳು. ಇನ್ನೊಂದು ಕೈಯಲ್ಲಿ ಮಗಳ ಅಂಗಿಯ ಬಾಯಿ ತೆರೆದಳು.

"ಬಾ ಶುಂಕಾ. ಮನೆಗೋಗೋಣ ಬಾ ಶುಂಕಾ. ಇವರೆಲ್ಲ ಬೇರೆಯವರು ಕಣೇ, ಬಾ ಶುಂಕಾ."

ಹೆಂಗಸು ಅಲುಗಾಡಲಿಲ್ಲ. ಅವಳ ಮುಖ ನಿಧಾನಕ್ಕೆ ಮೆತ್ತಗಾಯಿತು. ಲೋಶಾಳ ಎದೆಯತ್ತ ಬೆರಳು ತೋರಿಸಿ, ಎಷ್ಟೋ ಅಕ್ಕರೆಯಿಂದ ಕೇಳಿದಳು: "ಶುಂಕಾ?"

ಲೋಶಾಳ ಜೀವ ಬಾಯಿಗೆ ಬಂತು. ಮಗು ಈಗ ಯಾರ ದನಿಯ ಹಿಂದೆ ಹೋಗಬೇಕು? ಅದು ನನ್ನ ಹೆಸರಲ್ಲ, ಇನ್ನೊಂದು ಸಲ ಕರೀಬೇಡ ತಾಯಿ ಎನ್ನೋಣವೆಂದರೆ ಬಾಯಿ ತೆರೆಯುವಂತಿಲ್ಲ. ಅಂಗಿಯನ್ನು ಎದೆಗವಚಿಕೊಂಡು ಓಡಿದಳು.

ಊರಿನ ವ್ಯಾನಿನಲ್ಲಿ ಪಕ್ಕದ ಮನೆಯ ಮುದುಕ ಕಿಚಾಯಿಸಿದ. "ಏನಮ್ಮ ಲೋಶಾ, ಕುಪ್ಪಸದ ಜೊತೆ ನಾಲಿಗೇನೂ ಮಾರಿಬಿಟ್ಯಾ?" ಅವಳು ಕಿಟಕಿಯತ್ತ ತಿರುಗಿದಳು. ಜೊಂಪು ಹತ್ತಿತು. ನೂಲಿನ ಚಪ್ಪರದಡಿ ಶುಂಕಾ ನಿಂತಿದ್ದಳು. ಆ ಕಡೆಯಿಂದೊಬ್ಬಳು, ಈ ಕಡೆಯಿಂದೊಬ್ಬಳು ಕರೆಯುತ್ತಿದ್ದರು. ಮಗು ಅತ್ತ ನೋಡಿತು, ಇತ್ತ ನೋಡಿತು. ವ್ಯಾನು ಎತ್ತಿಹಾಕಿ ಎಚ್ಚರವಾಯಿತು. ಅಂಗಿ ಬೆಚ್ಚಗಿತ್ತು, ತನ್ನ ಮೈಯ ಬಿಸಿಯೇ ಇರಬೇಕು.

ಮನೆಗೆ ಬಂದು ಅಂಗಿ ತೊಡಿಸಿದಳು. ಮಗು ಹಾಗೇ ನಿದ್ದೆ ಹೋಯಿತು.

ಮರುದಿನ ಬೆಳಿಗ್ಗೆ ಲೋಶಾ ಮಗಳನ್ನು ಕರೆಯಲೇ ಇಲ್ಲ. ಕರೆದು, ತಿರುಗದಿದ್ದರೆ? ಆ ಭಯಕ್ಕೇ ಹೊಸ ಹಾಸುನೂಲನ್ನು ಪೀಚ್ ಮರಕ್ಕೆ ಕಟ್ಟಿ, ಮಗ್ಗದ ಪಟ್ಟಿಯನ್ನು ಸೊಂಟಕ್ಕೆ ಬಿಗಿದು ಕೂತಳು. ಮೊದಲ ಕಪ್ಪೆಯ ಕಾಲಿಗೆ ಕೆಂಪು ನೂಲು ತೂರಿಸುವಾಗ ಹಾಸು ಜುಮ್ಮೆಂದಿತು. ಗಾಳಿಯೆಂದುಕೊಂಡಳು. ಮತ್ತೆ ಜುಮ್ಮೆಂದಿತು.

"ಶುಂಕಾ, ಕೈ ತೆಗಿಯೇ!" ಹಳೇ ಅಭ್ಯಾಸ, ಬಾಯಿಗೆ ಬಂದೇಬಿಟ್ಟಿತು.

ಮಗ್ಗದ ಕೆಳಗಿನ ಬೆರಳು ಇನ್ನೊಮ್ಮೆ ಮೀಟಿತು.

"ತೆಗ್ಯಲ್ಲ, ಹೋಗು."

ಮೀಟುವ ಬೆರಳಿಗೆ ಚೆನ್ನಾಗಿ ಸಿಗಲಿ ಎಂದು ಲೋಶಾ ಹಿಂದಕ್ಕೆ ಒರಗಿ, ಹಾಸನ್ನು ಇನ್ನಷ್ಟು ಬಿಗಿ ಮಾಡಿದಳು.