ಬೇರೆ ಊರಿನ ಬಟ್ಟೆ

ಜಯಶ್ರೀ ಅಕ್ಕಿಆಲೂರಿನ ಸರಕಾರಿ ಶಾಲೆಯಲ್ಲಿ ಶಿಕ್ಷಕಿ. ಪ್ರತಿ ವರ್ಷ ಬೇಸಿಗೆ ರಜೆಯಲ್ಲಿ ಉಳ್ಳವರ ಮನೆಗಳಿಗೆ ಹೋಗಿ ಮಕ್ಕಳ ಹಳೆಯ ಬಟ್ಟೆ ಕೇಳಿ ತರುವಳು. ಒಗೆದು, ಗುಂಡಿ ಹಚ್ಚಿ, ಶಾಲೆ ಶುರುವಾದ ಮೇಲೆ ಹಮಾಲರ, ಕೂಲಿಯವರ ಮಕ್ಕಳಿಗೆ ಹಂಚುವಳು. ಶನಿವಾರ ಸಮವಸ್ತ್ರ ಬಿಟ್ಟು ಬಣ್ಣದ ಬಟ್ಟೆಯಲ್ಲಿ ಬರುವ ದಿನ. ಆ ದಿನ ಕೆಲವು ಮಕ್ಕಳು ಶಾಲೆಗೇ ಬರುತ್ತಿರಲಿಲ್ಲ. ಅದನ್ನು ಗಮನಿಸಿ ಏಳು ವರ್ಷದ ಹಿಂದೆ ಶುರು ಮಾಡಿದ ಕೆಲಸ ಇದು. ಆಗ ಹುರುಪಿತ್ತು. ಈಗ ಐವತ್ತು ಸಮೀಪಿಸಿದೆ, ಮೆಟ್ಟಿಲು ಹತ್ತಿದರೆ ಮಂಡಿ ಹಿಡಿದುಕೊಳ್ಳುತ್ತದೆ. ಮಕ್ಕಳ ಬಟ್ಟೆ ಕೇಳಿದರೆ ಜನ ಹರಿದ ದಿಂಬಿನ ಚೀಲ, ಕಲೆಯಾದ ಪಂಚೆಗಳನ್ನೂ ಕಟ್ಟಿ ಕೊಡುತ್ತಾರೆ. ಬೇಡ ಎನ್ನುವುದಕ್ಕೂ ಆಗುವುದಿಲ್ಲ. ಮನೆಗೆ ತಂದು ತಾನೇ ಬಿಸಾಡಬೇಕು.

ಹೋದ ವರ್ಷ ಐದನೇ ತರಗತಿಯ ಸಮತಾ ಎಂಬ ಹುಡುಗಿಗೆ ಒಂದು ಹಳದಿ ಫ್ರಾಕು ಸಿಕ್ಕಿತ್ತು. ಅವಳ ಅಪ್ಪ ದುರ್ಗೇಶ ಬಸವಣ್ಣೆಪ್ಪನವರ ಅಕ್ಕಿ ಗಿರಣಿಯಲ್ಲಿ ಚೀಲ ಹೊರುತ್ತಾನೆ. ಒಂದು ಭಾನುವಾರ ಸಮತಾ ಅದೇ ಫ್ರಾಕು ತೊಟ್ಟು ಅಪ್ಪನಿಗೆ ಬುತ್ತಿ ಒಯ್ದಳು. ಗಿರಣಿಯ ಕಟ್ಟೆಯ ಮೇಲೆ ಬಸವಣ್ಣೆಪ್ಪನವರ ಮಗಳು ಪೂಜಾ ಕುಳಿತಿದ್ದಳು.

"ಅಪ್ಪಾ, ಅದು ನನ್ನ ಫ್ರಾಕು ನೋಡು. ತೋಳಿಗೆ ಮಸಿ ಕಲೆ ಐತಿ" ಎಂದಳು ಪೂಜಾ. ಅವಳ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಕಂಡದ್ದನ್ನು ಹೇಳಿದಳು ಅಷ್ಟೆ. ಹಮಾಲರು ನಕ್ಕರು. ಬಸವಣ್ಣೆಪ್ಪನವರು ಸಮತಾಳ ತಲೆ ಸವರಿ, "ಚಂದ ಕಾಣ್ತದವ್ವಾ. ಚೊಲೋತ್ನಂಗ ಇಟ್ಕೊ" ಎಂದರು.

ಆಮೇಲೆ ನಾಲ್ಕು ದಿನ ಸಮತಾ ಶಾಲೆಗೆ ಬರಲಿಲ್ಲ. ಜಯಶ್ರೀ ಮನೆಗೆ ಹೋದಾಗ ಅಜ್ಜಿ ಗುತ್ತೆವ್ವ ಫ್ರಾಕನ್ನು ಒಗೆದು ಮಡಚಿ ಇಟ್ಟಿದ್ದಳು. ಅದನ್ನು ಜಯಶ್ರೀಯ ಕೈಗೆ ಕೊಟ್ಟಳು.

"ಸಿಟ್ಟಿಗೆ ಕೊಡಾಕತ್ತಿಲ್ರಿ ಅಕ್ಕೋರ. ನೀವು ಒಳ್ಳೇ ಮನಸಿನ್ಯಾಗ ಕೊಟ್ಟೀರಿ. ಆದರ ಅವರ ಮನಿ ಮುಂದ ದಿನಾ ಓಡ್ಯಾಡೂ ಹುಡುಗಿ ಅವರ ಅರಿವಿ ಹೆಂಗ ಹಾಕ್ಕೊಂಡಾಳ್ರಿ?"

ಸಮತಾ ಒಳಗಿನ ಕತ್ತಲಲ್ಲಿ ಗೋಡೆಗೆ ಮುಖ ಮಾಡಿ ಕುಳಿತಿದ್ದಳು, ತಿರುಗಿ ನೋಡಲಿಲ್ಲ. ಜಯಶ್ರೀ ಫ್ರಾಕನ್ನು ಚೀಲದಲ್ಲಿ ಇಟ್ಟುಕೊಂಡು ಹೊರಬಂದಳು. ಇಷ್ಟು ವರ್ಷಗಳಲ್ಲಿ ಇನ್ನೆಷ್ಟು ಮಕ್ಕಳು ಹೀಗೆ ಕುಳಿತಿದ್ದರೋ, ಯಾರೂ ಹೇಳದೆ ಹೋದರೋ ಎಂದು ದಾರಿಯುದ್ದಕ್ಕೂ ಯೋಚಿಸುತ್ತ ಬಂದಳು.

ಆ ವಾರವೇ ಸವಣೂರಿನ ರಹಿಮಾಬಿಗೆ ಫೋನು ಮಾಡಿದಳು. ರಹಿಮಾಬಿ ಟಿ.ಸಿ.ಎಚ್. ಓದುವಾಗಿನ ಗೆಳತಿ, ಅಲ್ಲಿಯ ಶಾಲೆಯಲ್ಲಿ ಇದೇ ಕೆಲಸ ಮಾಡುತ್ತಿದ್ದಳು. ಇಬ್ಬರೂ ಮಾತಾಡಿ ಒಂದು ದಾರಿ ಹುಡುಕಿದರು. ಒಂದು ಊರಿನ ಬಟ್ಟೆಯನ್ನು ಆ ಊರಿನಲ್ಲಿ ಹಂಚುವುದೇ ಬೇಡ. ಅಕ್ಕಿಆಲೂರಿನದು ಹಿರೇಕೆರೂರಿಗೆ, ಹಿರೇಕೆರೂರಿನದು ಶಿಗ್ಗಾಂವಿಗೆ, ಶಿಗ್ಗಾಂವಿಯದು ಸವಣೂರಿಗೆ, ಸವಣೂರಿನದು ಅಕ್ಕಿಆಲೂರಿಗೆ. ಹಿರೇಕೆರೂರಿನಲ್ಲಿ ರುದ್ರೇಶ, ಶಿಗ್ಗಾಂವಿಯಲ್ಲಿ ಸುಧಾರಾಣಿ ಎಂಬ ಶಿಕ್ಷಕರು ಒಪ್ಪಿಕೊಂಡರು.

ಈ ವರ್ಷ ಮೇ ತಿಂಗಳಲ್ಲಿ ಜಯಶ್ರೀ ಎಂದಿನಂತೆ ಬಸವಣ್ಣೆಪ್ಪನವರ ಮನೆಗೆ ಮೊದಲು ಹೋದಳು. ಅವರೂ ಅವರ ಬಳಗದವರೂ ಕೊಡುವ ಬಟ್ಟೆಯೇ ಅರ್ಧಕ್ಕಿಂತ ಹೆಚ್ಚು. ಚಹಾ ಬಂತು. ಈ ಸಲ ಬಟ್ಟೆ ಹಿರೇಕೆರೂರಿಗೆ ಹೋಗುತ್ತದೆ ಎಂದು ತಿಳಿಸಿದಳು.

"ಯಾಕ್ರಿ? ನಮ್ಮೂರಾಗ ಬಡವರಿಲ್ಲೇನು?"

"ಅದಾರ್ರಿ. ಅವ್ರಿಗೆ ಸವಣೂರಿಂದ ಬರ್ತಾವ್ರಿ."

"ಇಲ್ಲೀದು ಅಲ್ಲಿಗೆ, ಅಲ್ಲೀದು ಇಲ್ಲಿಗೆ. ಇದ್ಯಾವ ಲೆಕ್ಕರಿ ಅಕ್ಕೋರ?"

ಗಿರಣಿಯ ಕಟ್ಟೆಯ ಮೇಲೆ ನಡೆದದ್ದು ಅವಳ ನಾಲಿಗೆಯ ತುದಿಗೆ ಬಂತು. ಹೇಳಿದರೆ ದುರ್ಗೇಶನಿಗೆ ಏನಾದೀತು ಎಂಬ ಯೋಚನೆ ತಡೆಯಿತು. ಅವನು ನಾಳೆಯೂ ಅದೇ ಗಿರಣಿಗೆ ಹೋಗಬೇಕು. "ಗುರುತಿನವರ ಅರಿವಿ ಹಾಕ್ಕೊಳ್ಳಾಕ ಹುಡುಗ್ರಿಗೆ ಸಂಕೋಚ ಆಗ್ತೈತ್ರಿ" ಎಂದಷ್ಟೇ ಹೇಳಿದಳು.

"ಕೊಟ್ಟವ್ರಿಗಿಲ್ಲದ ಸಂಕೋಚ ತಗೊಳ್ಳವ್ರಿಗೆ ಯಾಕ್ರಿ?" ಬಸವಣ್ಣೆಪ್ಪನವರಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. "ನಮ್ಮ ಕಣ್ಮುಂದಿನ ಕೂಸು ಹಾಕ್ಕೊಂಡ್ರ ನಮಗೂ ಸಮಾಧಾನ. ಹಿರೇಕೆರೂರಿನವ್ರ ಹುಡುಗ್ರನ್ನ ನಾವೇನು ನೋಡೇವೇನು?"

ಅವರು ಒಂದೇ ಗಂಟು ಕೊಟ್ಟರು. ಉಳಿದ ಮನೆಗಳಿಗೂ ಮಾತು ಮುಟ್ಟಿತು. ಹತ್ತು ಹನ್ನೆರಡು ಗಂಟು ಆಗುತ್ತಿದ್ದ ಕಡೆ ಈ ಸಲ ಆದದ್ದು ನಾಲ್ಕು.

ನಾಲ್ಕನ್ನೂ ಹೊತ್ತು ಜಯಶ್ರೀ ಹಿರೇಕೆರೂರಿನ ಬಸ್ಸು ಹತ್ತಿದಳು. ಕಂಡಕ್ಟರು ಗಂಟುಗಳನ್ನು ನೋಡಿ, "ನಿಮಗ ಫ್ರೀ ಐತ್ರಿ, ಇವಕ್ಕ ಲಗೇಜ್ ಆಗ್ತೈತಿ" ಎಂದ. ವಾದ ಮಾಡುವ ಶಕ್ತಿ ಇರಲಿಲ್ಲ, ಕೊಟ್ಟಳು. ತಿಳವಳ್ಳಿಯಲ್ಲಿ ಜನ ತುಂಬಿ ಗಂಟೊಂದರ ಮೇಲೆ ಯಾರೋ ಕುಳಿತರು. ಹಿರೇಕೆರೂರಿನಲ್ಲಿ ಇಳಿದಾಗ ರುದ್ರೇಶ ಇರಲಿಲ್ಲ, ಫೋನೂ ಎತ್ತಲಿಲ್ಲ. ಬಿಸಿಲು ಬೆಂಚಿನವರೆಗೆ ಬಂದಾಗಲೆಲ್ಲ ಗಂಟುಗಳನ್ನು ಒಂದೊಂದಾಗಿ ನೆರಳಿಗೆ ಎಳೆದುಕೊಂಡು ಎರಡು ತಾಸು ಕುಳಿತಳು. ಇದನ್ನೆಲ್ಲ ಇಲ್ಲೇ ಬಿಟ್ಟು ಮುಂದಿನ ಬಸ್ಸಿಗೆ ಹೋಗಿಬಿಟ್ಟರೆ ಯಾರು ಕೇಳುತ್ತಾರೆ ಎಂದೂ ಅನಿಸಿತು. ನೀರು ಕುಡಿದಳು, ಮತ್ತೆ ಫೋನು ಮಾಡಿದಳು.

ರುದ್ರೇಶ ಬಂದಾಗ ಅವನ ಅಂಗಿ ಬೆವರಿನಲ್ಲಿ ತೊಯ್ದಿತ್ತು. "ತಪ್ಪಾತ್ರಿ ಅಕ್ಕೋರ. ಸಮೀಕ್ಷೆ ಕೆಲಸಕ್ಕ ಹಾಕ್ಯಾರ, ಹಳ್ಳ್ಯಾಗ ಸಿಗ್ನಲ್ ಇರಲಿಲ್ಲ" ಎಂದ. ಗಂಟೊಂದನ್ನು ಎತ್ತಿಕೊಂಡು, "ನಮ್ಮಲ್ಲೂ ಜನ ಅದನ್ನ ಕೇಳಿದ್ರು, ನಮ್ಮ ಅರಿವಿ ಶಿಗ್ಗಾಂವಿಗೆ ಯಾಕ ಅಂತ. ಎರಡ ಗಂಟು ಆತ್ರಿ. ಮುಂದಿನ ವರ್ಷ ನನ್ನಿಂದ ಆಗ್ತೈತೋ ಇಲ್ಲೋ" ಎಂದ.

ಜಯಶ್ರೀ ಅವನಿಗೆ ಧೈರ್ಯ ಹೇಳಬೇಕಿತ್ತು. "ನೋಡೋಣಂತ" ಎಂದಷ್ಟೇ ಹೇಳಿ ಹಿಂದಿರುಗುವ ಬಸ್ಸಿಗೆ ಕಾಯತೊಡಗಿದಳು.

ಜೂನಿನಲ್ಲಿ ಸವಣೂರಿನ ಬಟ್ಟೆ ಬಂತು. ರಹಿಮಾಬಿ ಎಲ್ಲಕ್ಕೂ ಇಸ್ತ್ರಿ ಮಾಡಿಸಿದ್ದಳು. ಆದರೆ ಅಲ್ಲಿಯೂ ಗಂಟು ಕಡಿಮೆಯೇ. ಜಯಶ್ರೀ ಒಂದು ತರಗತಿಯ ಬೆಂಚುಗಳ ಮೇಲೆ ಬಟ್ಟೆ ಹರಡಿ, ತಾಯಂದಿರು ಮಕ್ಕಳೊಡನೆ ಬಂದು ಬೇಕಾದದ್ದು ಆರಿಸಿಕೊಳ್ಳಲಿ ಎಂದು ಹೇಳಿ ಕಳಿಸಿದಳು. ಮಧ್ಯಾಹ್ನದೊಳಗೆ ಬೆಂಚುಗಳು ಖಾಲಿಯಾದವು. ಆಮೇಲೆ ಬಂದವರು ಬಾಗಿಲಲ್ಲೇ ನಿಂತರು.

"ನಮ್ಮೂರ ಅರಿವಿ ನಮ್ಮೂರಾಗ ಇದ್ದಿದ್ರ ನನ್ನ ಮಗಗೂ ಒಂದು ಸಿಗ್ತಿತ್ತು" ಎಂದಳು ಒಬ್ಬ ಹೆಂಗಸು. ಜಗಳದ ದನಿ ಅಲ್ಲ. ಹುಡುಗನ ಹೆಗಲ ಮೇಲೆ ಕೈಯಿಟ್ಟು ಹೇಳಿದಳು. ಅವಳು ಹೇಳಿದ್ದು ನಿಜವೇ ಆಗಿತ್ತು. ಜಯಶ್ರೀ ಹೆಸರು ಬರೆದುಕೊಂಡಳು, ಹುಡುಗನ ಅಳತೆ ಬರೆದುಕೊಂಡಳು. ಹಾಗೆ ಬರೆದ ಹೆಸರು ಹದಿನಾಲ್ಕಾದವು.

ಗುತ್ತೆವ್ವ ಮುಂಜಾನೆಯೇ ಬಂದು ಹೋಗಿದ್ದಳು. ಸಮತಾ ಬೆಂಚಿನ ಮುಂದೆ ಬಹಳ ಹೊತ್ತು ನಿಂತು, ಕೊನೆಗೆ ಒಂದು ನೀಲಿ ಚೂಡಿದಾರ ಎತ್ತಿಕೊಂಡಿದ್ದಳು.

"ಇದು ಯಾರದ್ರಿ ಅಕ್ಕೋರ?"

"ನನಗೂ ಗೊತ್ತಿಲ್ಲವ್ವಾ. ಸವಣೂರಿನ್ಯಾವುದೋ ಹುಡುಗೀದು."

ಸಮತಾ ಅದನ್ನು ಮೈಗೆ ಹಿಡಿದು ಅಜ್ಜಿಯ ಮುಖ ನೋಡಿದಳು. ಗುತ್ತೆವ್ವ ತಲೆಯಾಡಿಸಿದಳು.

ಶನಿವಾರ ಸಮತಾ ಆ ಚೂಡಿದಾರದಲ್ಲೇ ಬಂದಳು. ಗೇಟಿನ ಹತ್ತಿರ ನಡಿಗೆ ನಿಧಾನವಾಯಿತು. ಅಂಗಳದ ಮಕ್ಕಳು ಕುಂಟೆಬಿಲ್ಲೆ ಆಡುತ್ತಿದ್ದರು, ಯಾರೂ ಅವಳ ಕಡೆ ನೋಡಲಿಲ್ಲ. ಒಬ್ಬಳು ಮಾತ್ರ ತಲೆಯೆತ್ತಿ, "ಲಗೂನ ಬಾರ, ನಿನ್ನ ಪಾಳಿ" ಎಂದಳು. ಸಮತಾ ಪಾಟಿಚೀಲವನ್ನು ಗೋಡೆಗೆ ಆನಿಸಿ ಓಡಿದಳು.

ಜಯಶ್ರೀ ಕಂಬಕ್ಕೆ ಒರಗಿ ನಿಂತು ನೋಡಿದಳು. ಖುಷಿ ಪಡಬೇಕೆಂದು ಅನಿಸಿತು, ಆದರೆ ಕಾಲು ಸೆಳೆಯುತ್ತಿತ್ತು. ಬಟ್ಟೆ ಸಿಗದ ಹದಿನಾಲ್ಕು ಮಕ್ಕಳಲ್ಲಿ ಎಷ್ಟು ಜನ ಇವತ್ತು ಬಂದಿಲ್ಲ ಎಂಬುದು ಹಾಜರಿ ಕೂಗಿದ ಮೇಲೆ ತಿಳಿಯುತ್ತದೆ. ಅವಳು ಗಂಟೆ ಬಾರಿಸಲು ಹೇಳಿ ಒಳಗೆ ಹೋದಳು.