ಎಡಬದಿಯ ಬಡಿತ

ನಮ್ಮ ಮಾಲಕರಾದ ಸುಬ್ಬಯ್ಯ ಶೆಟ್ಟರಿಗೆ ಎರಡು ಹುಚ್ಚು. ಒಂದು ಬಸ್ಸು, ಇನ್ನೊಂದು ಫುಟ್‌ಬಾಲು. ಮೊದಲನೆಯ ಹುಚ್ಚು ದುಡಿದು ತಂದದ್ದನ್ನು ಎರಡನೆಯದು ಕೂತು ತಿನ್ನುತ್ತಿತ್ತು. ಕಾರಿಂಜ ಮೋಟಾರ್ಸಿನಲ್ಲಿ ಕೆಲಸ ಕೇಳಿಕೊಂಡು ಯಾರು ಬಂದರೂ ಶೆಟ್ಟರು ಮುಖ ನೋಡುತ್ತಿರಲಿಲ್ಲ, ಕಾಲು ನೋಡುತ್ತಿದ್ದರು. ಚೆಂಡು ಒದೆಯಲು ಬಂದರೆ ಕ್ಲೀನರ್ ಕೆಲಸ ಗ್ಯಾರಂಟಿ. ಚೆನ್ನಾಗಿ ಒದ್ದರೆ ಕಂಡಕ್ಟರ್. ಹೀಗೆ ನಮ್ಮದು ಸಂಬಳದ ಟೀಮು. ಬಿಟ್ಟಿಯಾಗಿ ಆಡುವವರು ಸೋತರೆ ಜನ ಅಯ್ಯೋ ಪಾಪ ಅನ್ನುತ್ತಾರೆ, ಸಂಬಳ ತಿಂದು ಸೋತರೆ ನಗುತ್ತಾರೆ. ಬಿ.ಸಿ.ರೋಡಿನ ಸ್ಟ್ಯಾಂಡಿನಲ್ಲಿ ಏಜೆಂಟನಾಗಿದ್ದ ನಾನು ಆ ನಗುವನ್ನು ಬೆಳಗಿನ ಮೊದಲ ಬಸ್ಸಿನಿಂದ ಕೊನೆಯ ಬಸ್ಸಿನವರೆಗೂ ಕೇಳಬೇಕಿತ್ತು. ಟೀಮಿನ ಮ್ಯಾನೇಜರ್ ಎಂಬ ಬಿರುದನ್ನೂ ಶೆಟ್ಟರು ನನ್ನ ತಲೆಗೇ ಕಟ್ಟಿದ್ದರು.

ಚೀನಾದ ಯುದ್ಧಕ್ಕೆ ಮುಂಚಿನ ಬೇಸಗೆಯಲ್ಲಿ ನಮಗೆ ಬಿದ್ದ ಗೋಲುಗಳ ಲೆಕ್ಕ ಹೇಳುವುದು ಬೇಡ. "ಇವತ್ತು ಎಷ್ಟು ತಿಂದಿರಿ, ಏಜೆಂಟ್ರೇ?" ಎಂದು ಟಿಕೇಟು ಕೇಳುವ ಮೊದಲೇ ಜನ ಕೇಳುತ್ತಿದ್ದರು. ಮುಂದೆ ಆಡುವವರು ತಕ್ಕಮಟ್ಟಿಗೆ ಇದ್ದರು. ನಡುವೆ ನಿತ್ಯಾನಂದನಿದ್ದ. ಹಿಂದೆ ಮಾತ್ರ ಬಾಗಿಲಿಲ್ಲದ ಮನೆ. ಶೆಟ್ಟರು ಕೊನೆಗೆ ನನ್ನನ್ನು ಕರೆದು, "ಬರುವ ವರ್ಷವೂ ಹೀಗೇ ಆದ್ರೆ ಟೀಮು ಬಂದ್ ಮಾಡುವ, ಶೇಖರ," ಎಂದರು.

ಆ ಬಾಗಿಲು ಸಿಕ್ಕಿದ್ದು ಸುಲೈಮಾನನ ಸಿಟ್ಟಿನಿಂದ. ಸುಲೈಮಾನ್ ಕಕ್ಕಿಂಜೆ ಬಸ್ಸಿನ ಕ್ಲೀನರ್, ಗೋಲು ಕಾಯುವ ನಮ್ಮ ಗೋಲಿ. ಅವನ ಎದುರು ಬ್ಯಾಕ್ ಆಡುವವರು ಇಬ್ಬರು, ಕಂಡಕ್ಟರ್ ಶರೀಫ್ ಮತ್ತು ಮೂಡಬಿದ್ರೆ ಬಸ್ಸಿನ ಕ್ಲೀನರ್ ವೆಂಕಪ್ಪ. ಸುಲೈಮಾನ್ ಎಷ್ಟು ಕಿರುಚಿದರೂ ಜನರ ಗದ್ದಲದಲ್ಲಿ ಇವರಿಗೆ ಕೇಳುತ್ತಿರಲಿಲ್ಲ. ಒಂದು ಸಂಜೆ ಪ್ರ್ಯಾಕ್ಟೀಸಿನಲ್ಲಿ ಅವನು ಸಿಟ್ಟು ತಡೆಯದೆ ಗೋಲಿನ ಅಡಿಕೆ ಮರದ ಕಂಬಕ್ಕೆ ಅಂಗೈಯಿಂದ ಧಡ್ಡನೆ ಒಂದು ಹೊಡೆದ. ಶರೀಫನೂ ವೆಂಕಪ್ಪನೂ ನಿಂತಲ್ಲೇ ನಿಂತುಬಿಟ್ಟರು. ಬಸ್ಸಿನವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಬಸ್ಸಿನ ಮೈಗೆ ಒಂದು ಬಡಿತ ಬಿದ್ದರೆ ನಿಲ್ಲು, ಎರಡು ಬಿದ್ದರೆ ಹೊರಡು. ಅದು ಕಿವಿಗೆ ಹೋಗುವುದಿಲ್ಲ, ನೇರ ಕಾಲಿಗೆ ಹೋಗುತ್ತದೆ.

ಅಂದಿನಿಂದ ನಮ್ಮ ಗೋಲಿನ ಕಂಬ ಬಸ್ಸಾಯಿತು. ಒಂದು ಬಡಿತಕ್ಕೆ ಇಬ್ಬರೂ ನಿಲ್ಲುತ್ತಿದ್ದರು, ಎರಡು ಬಡಿತಕ್ಕೆ ಒಟ್ಟಿಗೇ ಮುಂದೆ ಓಡುತ್ತಿದ್ದರು. ಚೆಂಡಿಗಾಗಿ ಕಾಯುತ್ತಿದ್ದ ಎದುರಾಳಿಗಳು ಬಸ್ಸು ತಪ್ಪಿದವರ ಹಾಗೆ ಹಿಂದೆ ಉಳಿಯುತ್ತಿದ್ದರು, ರೆಫ್ರಿ ಆಫ್‌ಸೈಡ್ ಎಂದು ಪೀಪಿ ಊದುತ್ತಿದ್ದ. ಯುದ್ಧ ಮುಗಿದ ಮೇಲಿನ ಬೇಸಗೆಯಲ್ಲಿ ಗದ್ದೆಗಳ ಕೊಯ್ಲು ಮುಗಿದು ಟೂರ್ನಮೆಂಟು ಶುರುವಾದಾಗ ನಮ್ಮ ಮೇಲೆ ಗೋಲು ಹಾಕುವುದೇ ಎದುರಾಳಿಗಳಿಗೆ ಕಷ್ಟವಾಯಿತು. ನಾನು ಸ್ಟ್ಯಾಂಡಿನಲ್ಲಿ ಎದೆ ಸ್ವಲ್ಪ ಮುಂದೆ ಮಾಡಿ ನಡೆಯತೊಡಗಿದೆ.

ಆದರೆ ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುವ ಹಾಗಾಯಿತು. ಹಿಂದಿನವರು ಕಷ್ಟಪಟ್ಟು ತಡೆದು ಕೊಟ್ಟ ಚೆಂಡನ್ನು ನಿತ್ಯಾನಂದ ಕಳೆದುಕೊಳ್ಳತೊಡಗಿದ.

ನಿತ್ಯಾನಂದ ನಮ್ಮ ಸೆಂಟರ್ ಹಾಫ್. ಹಿಂದಿನಿಂದ ಬಂದ ಚೆಂಡೆಲ್ಲ ಅವನ ಕಾಲಿಗೆ ಬರಬೇಕು, ಮುಂದೆ ಹೋಗುವುದೆಲ್ಲ ಅವನ ಕಾಲಿನಿಂದಲೇ ಹೋಗಬೇಕು. ಯಾರು ಎಲ್ಲಿ ಓಡುತ್ತಾನೆಂದು ಓಡುವವನಿಗಿಂತ ಮೊದಲೇ ಅವನಿಗೆ ಗೊತ್ತಿರುತ್ತಿತ್ತು. ಅಂಥವನು ಈ ವರ್ಷ ಚೆಂಡನ್ನು ಬಲಕ್ಕೆ ಮಾತ್ರ ಕೊಡುತ್ತಿದ್ದ. ಎಡಗಡೆ ನಮ್ಮ ಹುಡುಗ ಒಬ್ಬನೇ ನಿಂತು ಕೈ ಬೀಸಿದರೂ ಕೊಡುತ್ತಿರಲಿಲ್ಲ. ಎಡದಿಂದ ಯಾರಾದರೂ ನುಗ್ಗಿದರೆ ಮಂಕು ಬಡಿದವನ ಹಾಗೆ ನಿಂತು ಚೆಂಡು ಬಿಟ್ಟುಕೊಡುತ್ತಿದ್ದ. ಹೊಗಳಿಕೆ ತಲೆಗೇರಿದೆ ಎಂದರು ಕೆಲವರು. ಎದುರಾಳಿಯಿಂದ ಏನೋ ತಿಂದಿದ್ದಾನೆ ಎಂದರು ಇನ್ನು ಕೆಲವರು. ಕೇಳಿದರೆ ಅವನು, "ಗದ್ದೆ ಸರಿ ಇಲ್ಲ, ಶೇಖರಣ್ಣ," ಅನ್ನುತ್ತಿದ್ದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಅವನನ್ನು ಕೈಬಿಡುವ ಧೈರ್ಯ ಮಾತ್ರ ಇರಲಿಲ್ಲ, ಅವನ ಜಾಗದಲ್ಲಿ ಆಡುವವರು ಬೇರೆ ಇರಲಿಲ್ಲ. ಹಿಂದಿನವರ ಪುಣ್ಯದಿಂದ ಹೇಗೋ ಏಗುತ್ತಾ ಫೈನಲ್ಲಿಗೆ ಬಂದೆವು. ಫೈನಲ್ ಬೆಳುವಾಯಿಯ ಗದ್ದೆಯಲ್ಲಿ, ಮೂಡಬಿದ್ರೆಯ ಟೀಮಿನ ಮೇಲೆ.

ಫೈನಲ್ಲಿನ ಹಿಂದಿನ ದಿನ ಗದ್ದೆ ನೋಡಿ ಬರೋಣವೆಂದು ನಾನು ಮೂಡಬಿದ್ರೆ ಬಸ್ಸು ಹತ್ತಿದೆ. ಆ ಬಸ್ಸಿಗೆ ನಿತ್ಯಾನಂದನೇ ಡ್ರೈವರ್. ವೆಂಕಪ್ಪ ಎಡಗಡೆಯ ಫುಟ್‌ಬೋರ್ಡಿನ ಮೇಲೆ ನಿಂತಿದ್ದ. ನಾನು ಎದುರಿನ ಸೀಟಿನಲ್ಲಿ ಕೂತು ನಾಳೆ ಯಾರನ್ನು ಎಲ್ಲಿ ನಿಲ್ಲಿಸುವುದು ಎಂದು ಯೋಚಿಸುತ್ತಿದ್ದೆ. ಈ ವೆಂಕಪ್ಪನ ಬಡಿತ ಯೋಚನೆಗೆ ಅಡ್ಡ ಬರುತ್ತಿತ್ತು. ಕ್ಲೀನರ್ ಬಡಿಯುವುದು ಹೊಸದಲ್ಲ. ಡ್ರೈವರ್ ಬಲಬದಿಯಲ್ಲಿ ಕೂರುವವನು, ಎಡಬದಿಯ ಅಂಚು ಕ್ಲೀನರನದ್ದೇ ಜವಾಬ್ದಾರಿ. ಆದರೆ ಇವನು ಮೋರಿ ಬಂದರೂ ಬಡಿಯುತ್ತಿದ್ದ, ಹಸು ಕಂಡರೂ ಬಡಿಯುತ್ತಿದ್ದ, ಸೈಕಲಿನವನು ದೂರದಲ್ಲಿದ್ದಾಗಲೇ ಬಡಿಯುತ್ತಿದ್ದ. ಮೆಲ್ಲನೆ, ಬಿಡದೆ, ಮಗುವನ್ನು ಮಲಗಿಸುವವರು ತಟ್ಟುವ ಹಾಗೆ. ಬಸ್ಸು ಆ ಬಡಿತವನ್ನು ಹಿಡಿದುಕೊಂಡು ನಡೆಯುತ್ತಿತ್ತು.

ಸಿದ್ಧಕಟ್ಟೆ ದಾಟಿದ ಮೇಲೆ ಪೂವಮ್ಮ ಎಂಬ ಮುದುಕಿ ಎಡಬದಿಯಲ್ಲಿ ಕೈ ಅಡ್ಡ ಮಾಡಿ ನಿಂತಿದ್ದಳು. ಮೂಡಬಿದ್ರೆಯ ಮಗಳ ಮನೆಗೆ ಸುದ್ದಿ ಕಳಿಸಲು ಅವಳಿಗೆ ನಿತ್ಯಾನಂದನೇ ಟಪಾಲು. ಹಗಲು ಬೆಳಕಿನಲ್ಲಿ ಎದುರಿಗೇ ನಿಂತ ಅವಳನ್ನು ಬಿಟ್ಟು ಬಸ್ಸು ಮುಂದೆ ಹೋಗುವುದರಲ್ಲಿತ್ತು. ಧಡ್ಡನೆ ಒಂದು ಬಡಿತ ಬಿತ್ತು, ನಿಂತಿತು. "ಡ್ರೈವರಣ್ಣ, ಮಗಳಿಗೆ ಹೇಳಿ, ಕರು ಹಾಕಿದೆ, ಹೆಣ್ಣು ಕರು," ಎಂದಳು ಮುದುಕಿ. ನಿತ್ಯಾನಂದ ಕೋಳಿಯ ಹಾಗೆ ಇಡೀ ಮುಖವನ್ನು ಎಡಕ್ಕೆ ತಿರುಗಿಸಿ, ಬಲಗಣ್ಣಿನಿಂದ ಅವಳನ್ನು ಹುಡುಕಿ, "ಹೇಳ್ತೇನೆ ಅಮ್ಮ," ಎಂದ.

ನಾಳೆಯ ಯೋಚನೆ ಬಿಟ್ಟು ನಾನು ಅವನ ಎಡಗಣ್ಣನ್ನೇ ನೋಡತೊಡಗಿದೆ.

ಮೂಡಬಿದ್ರೆಯ ಹೋಟೆಲಿನಲ್ಲಿ ಡ್ರೈವರರಿಗೆಂದೇ ಒಂದು ಮೇಜು ಉಂಟು. ಅವರಿಗೆ ಬಿಲ್ಲಿಲ್ಲ, ಮೊದಲ ಕಾಫಿಯೂ ಅವರಿಗೇ. ಮಾಣಿ ತಂದ ಬನ್ಸಿನ ಪ್ಲೇಟನ್ನು ನಾನು ತೆಗೆದು ಸದ್ದಿಲ್ಲದೆ ನಿತ್ಯಾನಂದನ ಎಡಗೈಯ ಪಕ್ಕ ಇಟ್ಟೆ. ಅವನು ಕಾಫಿ ಕುಡಿಯುತ್ತಾ ಕೂತ. ಸ್ವಲ್ಪ ಹೊತ್ತಿನ ಮೇಲೆ, "ಮಾಣಿ ಬನ್ಸು ತರ್ಲಿಲ್ವಾ?" ಎಂದ.

"ಎಡಗಣ್ಣು ಹೋಗಿ ಎಷ್ಟು ಸಮಯ ಆಯ್ತು?" ಎಂದು ಕೇಳಿದೆ.

ಅವನು ಗ್ಲಾಸು ಕೆಳಗಿಟ್ಟ. ಪ್ಲೇಟು ಎಲ್ಲಿದೆಯೆಂದು ಮುಖ ತಿರುಗಿಸಿ ನೋಡಿದ. "ಕಳೆದ ಮಳೆಗಾಲದಲ್ಲಿ ಶುರುವಾದದ್ದು. ಮೊದಲು ಹೊಗೆ ಹಿಡಿದ ಹಾಗೆ ಇತ್ತು. ಈಗ ಅದೂ ಇಲ್ಲ. ನರ ಸತ್ತಿದೆ ಅಂತ ಮಂಗಳೂರಿನ ಡಾಕ್ಟ್ರು ಹೇಳಿದ್ರು."

"ವೆಂಕಪ್ಪನಿಗೆ ಗೊತ್ತುಂಟಾ?"

"ನಾನು ಹೇಳ್ಲಿಲ್ಲ. ಅವನು ಕೇಳ್ಲೂ ಇಲ್ಲ. ಒಂದು ದಿನ ಹೆಚ್ಚು ಬಡಿಯಲಿಕ್ಕೆ ಶುರು ಮಾಡಿದ."

"ಬಸ್ಸಿನಲ್ಲಿ ಜನ ಉಂಟು, ಮಾರಾಯ. ಶಾಲೆ ಮಕ್ಕಳು ಉಂಟು."

"ನನಗೆ ಗೊತ್ತಿಲ್ವಾ?" ಎಂದ. ಆಮೇಲೆ ತಗ್ಗಿದ ದನಿಯಲ್ಲಿ, "ದಿನಾ ರಾತ್ರಿ ಎಣಿಸ್ತೇನೆ, ನಾಳೆ ಹೇಳಿಬಿಡುವ ಅಂತ. ಬೆಳಿಗ್ಗೆ ಬಸ್ಸಿಗೆ ಹತ್ತಿದ ಕೂಡ್ಲೇ ಜನ ಡ್ರೈವರಣ್ಣ ಅಂತಾರೆ. ಮುದುಕಿಯರು ಕರು ಹಾಕಿದ್ದು ಹೇಳ್ತಾರೆ. ಸ್ಟೇರಿಂಗ್ ಬಿಟ್ರೆ ನಾನು ಯಾರು, ನೀವೇ ಹೇಳಿ ಶೇಖರಣ್ಣ?"

ಅವನ ಮೇಲೆ ಇಷ್ಟು ದಿನ ಇದ್ದ ಸಿಟ್ಟು ಇಳಿದು, ಅದಕ್ಕಿಂತ ದೊಡ್ಡ ಹೆದರಿಕೆ ಬಂದು ಕೂತಿತು. ನಾಳೆ ಫೈನಲ್ ಇದೆ, ಇವನ ಕಾಲಿಗೆ ವಿಶ್ರಾಂತಿ ಬೇಕು ಎಂದು ಹೇಳಿ ಅಲ್ಲಿಯ ಸ್ಟ್ಯಾಂಡಿನಲ್ಲಿದ್ದ ನಮ್ಮ ಹಳೆಯ ಡ್ರೈವರ್ ಅಬ್ದುಲ್ ಹಕೀಮನ ಕೈಗೆ ಬಸ್ಸು ಕೊಟ್ಟೆ. ನಿತ್ಯಾನಂದ ಒಪ್ಪಿದ. "ಫೈನಲ್ ಮುಗಿಯಲಿ. ಧಣಿಗಳಿಗೆ ನಾನೇ ಹೇಳ್ತೇನೆ," ಎಂದ. "ನೀನು ಹೇಳದಿದ್ರೆ ನಾನು ಹೇಳ್ತೇನೆ," ಎಂದೆ.

ಗದ್ದೆ ನೋಡುವುದನ್ನು ಬಿಟ್ಟು ಅದೇ ಬಸ್ಸಿನಲ್ಲಿ ಹಿಂದಿರುಗುವಾಗ ಪಕ್ಕದಲ್ಲಿ ಕೂತು ಅವನು ಇನ್ನೊಂದು ಮಾತು ಹೇಳಿದ. "ನಾಳೆ ವೆಂಕಪ್ಪನನ್ನು ನನ್ನ ಎಡಕ್ಕೆ ಹಾಕಿ."

ಈ ವರ್ಷ ನಮಗಿದ್ದ ಒಂದೇ ಆಸ್ತಿ ಆ ಹಿಂದಿನ ಗೋಡೆ. ಅದರ ಕಲ್ಲು ಕಿತ್ತು ನಡುವೆ ಇಡಬೇಕಂತೆ. ಮನೆಗೆ ಹೋಗಿ ಉಂಡದ್ದು ರುಚಿಸಲಿಲ್ಲ. ಆಮೇಲೆ ಹೊಳೆಯಿತು, ಆ ಗೋಡೆ ನಿಂತದ್ದು ವೆಂಕಪ್ಪನಿಂದ ಅಲ್ಲ, ಬಡಿತದಿಂದ. ಬಡಿತ ತಿಳಿಯುವ ಯಾರನ್ನು ನಿಲ್ಲಿಸಿದರೂ ನಡೆಯುತ್ತದೆ. ಬೆಳ್ತಂಗಡಿ ಬಸ್ಸಿನ ಕ್ಲೀನರ್ ಚನಿಯಪ್ಪ ಆಟದಲ್ಲಿ ಅಂಥ ಗಟ್ಟಿಗನೇನಲ್ಲ, ಆದರೆ ಒಂದು ಬಡಿತಕ್ಕೆ ನಿಲ್ಲುವುದು ಎರಡಕ್ಕೆ ಹೊರಡುವುದು ಅವನಿಗೆ ಉಸಿರಾಡಿದಷ್ಟೇ ಸಲೀಸು.

ಬೆಳುವಾಯಿಯ ಗದ್ದೆಯ ಸುತ್ತಲಿನ ಹುಣಿಗಳ ಮೇಲೆ, ಬದುಗಳ ತುಂಬ ಜನ ನಿಂತು, ಕಾಲಿಡಲು ಜಾಗವಿರಲಿಲ್ಲ. ಆಟ ಶುರುವಾಯಿತು. ಸುಲೈಮಾನ್ ಕಂಬಕ್ಕೆ ಎರಡು ಹೊಡೆದ, ಶರೀಫನ ಜೊತೆ ಚನಿಯಪ್ಪ ಕಣ್ಣು ಮುಚ್ಚಿ ಓಡಿದ. ಆಫ್‌ಸೈಡ್. ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ನಡುವೆ ವೆಂಕಪ್ಪ ನಿತ್ಯಾನಂದನ ಎಡಬದಿ ಬಿಟ್ಟು ಕದಲಲಿಲ್ಲ. ಬಡಿಯಲು ಅಲ್ಲಿ ಬಸ್ಸಿಲ್ಲ, ಕಂಬವಿಲ್ಲ. ಅವನು ತನ್ನ ತೊಡೆಗೇ ಬಡಿದುಕೊಳ್ಳುತ್ತಿದ್ದ. ಕುಸ್ತಿಗೆ ಬಂದಿದ್ದಾನೆ ಎಂದು ಜನ ನಕ್ಕರು. ಒಂದು ಬಡಿತಕ್ಕೆ ನಿತ್ಯಾನಂದ ಚೆಂಡನ್ನು ಕಾಲಡಿ ಹಿಡಿಯುತ್ತಿದ್ದ, ಎಡದಿಂದ ನುಗ್ಗಿದವನು ಗಾಳಿಗೆ ಒದ್ದು ಮುಂದೆ ಹೋಗಿ ಬೀಳುತ್ತಿದ್ದ. ಎರಡು ಬಡಿತಕ್ಕೆ ನೋಡದೆಯೇ ಚೆಂಡನ್ನು ಎಡಕ್ಕೆ ಬಿಡುತ್ತಿದ್ದ. ಅಲ್ಲಿ ಓಡುವವನೊಬ್ಬ ಇದ್ದೇ ಇರುತ್ತಿದ್ದ. ಹೊತ್ತು ಇಳಿಯುವ ಮುಂಚೆ ಹಾಗೆ ಬಿಟ್ಟ ಒಂದು ಚೆಂಡು ಗೋಲಾಯಿತು. ಅದೊಂದೇ ಗೋಲು, ಅದೇ ಸಾಕಾಯಿತು.

ನೋಡದೆ ಕೊಟ್ಟ ಚೆಂಡಿನ ಬಗ್ಗೆಯೇ ಎಲ್ಲರ ಮಾತು. "ಬೆನ್ನಿಗೂ ಕಣ್ಣುಂಟು ಅವನಿಗೆ," ಎಂದರು ಯಾರೋ. ನಿತ್ಯಾನಂದ ನೆಲ ನೋಡುತ್ತಾ ನಿಂತಿದ್ದ.

ಆಗ ರಸ್ತೆಯಲ್ಲಿ ಹಾರನ್ ಕೇಳಿತು. ಹೊಸ ಬಸ್ಸು. ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ, ಕನ್ನಡಿಗೆ ಗೊಂಡೆ ಹೂವಿನ ಮಾಲೆ. ಅಬ್ದುಲ್ ಹಕೀಂ ಅದನ್ನು ಬಿ.ಸಿ.ರೋಡಿನಿಂದ ತಂದಿದ್ದ. ಶೆಟ್ಟರು ಗೆದ್ದ ಕಪ್ಪನ್ನು ಒಂದು ಕಂಕುಳಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಬೀಗದ ಕೈ ಎತ್ತಿ ಎಲ್ಲರೂ ಕೇಳುವಂತೆ ಹೇಳಿದರು. "ಇದು ನಮ್ಮ ಹೊಸ ಲೈನ್. ಬೆಳ್ತಂಗಡಿ, ಕಕ್ಕಿಂಜೆ, ಚಾರ್ಮಾಡಿ ಘಾಟಿ ಹತ್ತಿ ಕೊಟ್ಟಿಗೆಹಾರ. ಇದಕ್ಕೆ ಡ್ರೈವರ್ ನಿತ್ಯಾನಂದ. ಇವತ್ತು ಟೀಮನ್ನು ಮನೆಗೆ ಮುಟ್ಟಿಸುವುದೂ ಅವನೇ."

ಘಾಟಿಯಲ್ಲಿ ಒಂದು ಬದಿ ಗುಡ್ಡ, ಒಂದು ಬದಿ ಪ್ರಪಾತ. ಹತ್ತುವಾಗ ಅಲ್ಲದಿದ್ದರೆ ಇಳಿಯುವಾಗ ಪ್ರಪಾತ ಎಡಕ್ಕೆ ಬಂದೇ ಬರುತ್ತದೆ. ನಮ್ಮ ಕಡೆಯ ಯಾವ ಡ್ರೈವರನಿಗೂ ಘಾಟಿಯ ಲೈನ್ ಸಿಗುವುದಕ್ಕಿಂತ ದೊಡ್ಡ ಮರ್ಯಾದೆ ಇರಲಿಲ್ಲ. ಜನ ಚಪ್ಪಾಳೆ ತಟ್ಟಿದರು. ನಾನು ಮುಂದೆ ಹೋಗಲು ಕಾಲೆತ್ತಿದೆ. ಅಷ್ಟರಲ್ಲಿ ನಿತ್ಯಾನಂದನೇ ಹೋಗಿ ಕೈ ಚಾಚಿದ. ಬೀಗದ ಕೈ ತೆಗೆದುಕೊಂಡ. ಅದನ್ನು ಒಂದು ಕ್ಷಣ ಅಂಗೈಯಲ್ಲಿ ಬಿಗಿಯಾಗಿ ಹಿಡಿದ. ಇವನು ಹೇಳುವುದಿಲ್ಲ ಎಂದುಕೊಂಡೆ.

"ಧಣಿಗಳೇ," ಎಂದ ಅವನು. "ನನಗೆ ಎಡಗಣ್ಣು ಕಾಣುವುದಿಲ್ಲ."

ಬೀಗದ ಕೈಯನ್ನು ಶೆಟ್ಟರ ಕೈಗೆ ವಾಪಸು ಇಟ್ಟ.

ಶೆಟ್ಟರಿಗೆ ಮೊದಲು ತಮಾಷೆ ಎನಿಸಿತು. ಆಮೇಲೆ ಅವನ ಮುಖ ನೋಡಿದರು. "ಯಾವಾಗಿನಿಂದ?"

"ಮಳೆಗಾಲದಿಂದ."

"ಮಳೆಗಾಲದಿಂದ ನೀನು ನನ್ನ ಬಸ್ಸು ಬಿಡ್ತಾ ಇದ್ದೀ." ಶೆಟ್ಟರ ದನಿ ಏರಲಿಲ್ಲ, ಅದೇ ಹೆಚ್ಚು ಹೆದರಿಸಿತು. "ನನ್ನ ಮಗಳು ಕಾಂತಿ ಮಗುವನ್ನು ಕಟ್ಟಿಕೊಂಡು ಆ ಬಸ್ಸಿನಲ್ಲೇ ತವರಿಗೆ ಬರುವುದು."

ನಿತ್ಯಾನಂದ ತಲೆ ತಗ್ಗಿಸಿದ. ಶೆಟ್ಟರು ಕಂಕುಳಲ್ಲಿದ್ದ ಕಪ್ಪನ್ನು ನೋಡಿದರು. ಅದನ್ನು ಎಲ್ಲಿ ಇಡಬೇಕೆಂದು ಗೊತ್ತಾಗದವರ ಹಾಗೆ ನನ್ನ ಕೈಗೆ ಕೊಟ್ಟರು. "ಇನ್ನು ಸ್ಟೇರಿಂಗ್ ಮುಟ್ಟಬೇಡ. ನಾಳೆ ಬಂದು ನನ್ನನ್ನು ನೋಡು. ಏನು ಮಾಡುವುದೆಂದು ನೋಡುವ," ಎಂದು ಹೇಳಿ ತಮ್ಮ ಕಾರಿನ ಕಡೆ ನಡೆದರು.

ಅಬ್ದುಲ್ ಹಕೀಂ ಸೀಟಿನಲ್ಲಿ ಕೂತ. ಹುಡುಗರು ಗೆದ್ದವರ ಹಾಗಲ್ಲ, ಸಾವಿನ ಮನೆಗೆ ಹೊರಟವರ ಹಾಗೆ ಬಸ್ಸು ಹತ್ತಿದರು. ನಿತ್ಯಾನಂದ ಕೊನೆಯವನಾಗಿ ಬಂದ. ಹತ್ತಿದವನು ಅಭ್ಯಾಸದಂತೆ ಡ್ರೈವರನ ಸೀಟಿನ ಕಡೆ ತಿರುಗಿ, ನಿಂತ. ಕೂರಲು ಎಲ್ಲರೂ ಸರಿದು ಜಾಗ ಮಾಡಿದರು. ಅವನು ಕೂರಲಿಲ್ಲ. ಎಡಬಾಗಿಲಿಗೆ ಬಂದ. ಫುಟ್‌ಬೋರ್ಡಿನ ಮೇಲೆ ವೆಂಕಪ್ಪನಿದ್ದ. ಅವನ ತೊಡೆ ಬಡಿತ ತಿಂದು ಕೆಂಪಾಗಿತ್ತು. ವೆಂಕಪ್ಪ ಒಳಗೆ ಸರಿದು ಆ ಜಾಗ ಬಿಟ್ಟುಕೊಟ್ಟ.

ನಿತ್ಯಾನಂದ ಕಂಬಿ ಹಿಡಿದು ಹೊರಗೆ ಬಾಗಿದ, ಮುಖವನ್ನು ಪೂರ್ತಿ ತಿರುಗಿಸಿ ಹಿಂದೆ ಮುಂದೆ ನೋಡಿದ. ಹಕೀಂ ಎಂಜಿನ್ ಶುರು ಮಾಡಿ ಕಾದ. ನಾವೆಲ್ಲ ಕಾದೆವು. ನನಗೆ ಅಳು ಬಂದಿತ್ತು, ಕಪ್ಪನ್ನು ಮುಖಕ್ಕೆ ಅಡ್ಡ ಹಿಡಿದು ಕೂತಿದ್ದೆ.

ಹೊಸ ತಗಡಿನ ಮೇಲೆ ಎರಡು ಬಡಿತ ಬಿದ್ದವು. ಬಸ್ಸು ಹೊರಟಿತು.