ಕಂಕುಳಲ್ಲಿ ಕಳೆದ ಆಯುಷ್ಯ

ನಾನು ಜ್ವರ ಅಳೆಯುವ ಗಾಜಿನ ಕಡ್ಡಿ. ಗೇಣುದ್ದವೂ ಇಲ್ಲ, ಹೊಟ್ಟೆಯಲ್ಲಿರುವುದು ಒಂದು ಹನಿ ಪಾದರಸ. ಕಡಲಾಚೆಯ ಯಾವುದೋ ಊರಿನಲ್ಲಿ ಒಬ್ಬ ಕೆಲಸಗಾರ ಕಾದ ಗಾಜನ್ನು ಎಳೆದು, ಊದಿ, ನನ್ನ ಮೈಮೇಲೆ ಗೆರೆ ಕೊರೆದ. ಹುಟ್ಟಿದ್ದು ಬೆಂಕಿಯಲ್ಲಿ, ಬಾಳಿದ್ದು ಮಂದಿಯ ಕಂಕುಳಲ್ಲಿ. ಇದಕ್ಕಿಂತ ಮರ್ಯಾದೆಯ ಜಾಗ ಸಿಗಬಹುದಿತ್ತು ಎಂದು ನನಗೂ ಅನ್ನಿಸಿದ್ದುಂಟು.

ಹಡಗಿನಲ್ಲಿ ಮುಂಬಯಿಗೆ, ಅಲ್ಲಿಂದ ರೈಲಿನಲ್ಲಿ ಹುಬ್ಬಳ್ಳಿಗೆ ಬಂದೆ. ನನ್ನನ್ನು ಕೊಂಡವರು ಡಾಕ್ಟರ್ ಶ್ರೀಪಾದರಾವ್ ಮುಳಗುಂದ. ಬಾಣಂತಿ ನಂಜಿನಲ್ಲಿ ಹೆಂಡತಿಯನ್ನೂ ಕೂಸನ್ನೂ ಒಟ್ಟಿಗೆ ಕಳೆದುಕೊಂಡ ಒಂಟಿ ಮನುಷ್ಯ. ಮಾತು ಒರಟು, ಕೈ ಮಾತ್ರ ಬಲು ಹಗುರ. ಅವರ ಕೋಟಿನ ಎದೆಯ ಜೇಬೇ ನನ್ನ ಮನೆಯಾಯಿತು.

ಹತ್ತಿಯ ಗಿರಣಿಗಳು ಬಂದು ಊರು ಉಬ್ಬಿತ್ತು, ಓಣಿಗಳು ಮಾತ್ರ ಇದ್ದಷ್ಟೇ ಇದ್ದವು. ಒಂದೊಂದು ಕೋಣೆಯಲ್ಲಿ ಎರಡೆರಡು ಸಂಸಾರ, ಬಚ್ಚಲ ಪಕ್ಕದಲ್ಲೇ ಕುಡಿಯುವ ನೀರು. ಚಳಿಗಾಲಕ್ಕೆ ಪ್ಲೇಗು, ಬೇಸಿಗೆಗೆ ವಾಂತಿಭೇದಿ, ಎರಡರ ನಡುವೆ ಸಿಡುಬು. ಹುಟ್ಟಿದ ಮೂರರಲ್ಲಿ ಒಂದು ಕೂಸು ವರ್ಷ ತುಂಬುವ ಮೊದಲೇ ಮಣ್ಣು ಸೇರುತ್ತಿತ್ತು. ಏಕೆ ಸತ್ತಿತು ಎಂದು ಕೇಳಿದರೆ ಮನೆಯವರು ಹೇಳುತ್ತಿದ್ದುದು ಒಂದೇ ಮಾತು: ಜ್ವರ. ಸಾವಿನ ಲೆಕ್ಕ ಬರೆಯುವ ಗುಮಾಸ್ತರೂ ಅದನ್ನೇ ಬರೆದುಕೊಳ್ಳುತ್ತಿದ್ದರು.

"ಜ್ವರ ಅಂದ್ರ ಏನ್ರೀ?" ಎಂದು ಡಾಕ್ಟರು ಗದರುತ್ತಿದ್ದರು. "ಮಲೇರಿಯಾನೂ ಜ್ವರ, ಕ್ಷಯಾನೂ ಜ್ವರ, ಬಾಣಂತಿ ನಂಜೂ ಜ್ವರ. ಮಂದಿ ಯಾತಕ್ಕ ಸಾಯಲಿಕತ್ತಾರ ಅಂತ ತಿಳೀದ ಔಷಧ ಯಾರಿಗೆ ಕೊಡೂದು?"

ಅದನ್ನು ಕೇಳಿ ನನಗೆ ನಾಚಿಕೆಯಾಗುತ್ತಿತ್ತು. ಮೈ ಎಷ್ಟು ಸುಡುತ್ತಿದೆ ಎಂದು ನಾನು ಕೂದಲೆಳೆಯಷ್ಟೂ ತಪ್ಪದೆ ಹೇಳಬಲ್ಲೆ. ಏಕೆ ಸುಡುತ್ತಿದೆ ಎಂಬುದು ನನಗೂ ಗೊತ್ತಿಲ್ಲ.

ಪ್ಲೇಗಿನ ದಿನಗಳಲ್ಲಿ ಡಾಕ್ಟರು ಮನೆಮನೆ ಹೊಕ್ಕು ನನ್ನನ್ನು ಇಟ್ಟು ನೋಡುತ್ತಿದ್ದರು. ಜ್ವರವಿದ್ದವರನ್ನು ಊರಾಚೆಯ ತಗಡಿನ ಶೆಡ್ಡಿಗೆ ಒಯ್ಯುತ್ತಿದ್ದರು. ಪ್ಲೇಗೆಂದು ಖಾತ್ರಿಯಾದರೆ ಇಡೀ ಓಣಿಯನ್ನು ಖಾಲಿ ಮಾಡಿಸಿ, ಮಂದಿಯನ್ನು ಬಯಲಿನ ಗುಡಿಸಲುಗಳಿಗೆ ಕಳಿಸುತ್ತಿದ್ದರು. ಶೆಡ್ಡಿಗೆ ಹೋದವರು ತಿರುಗಿ ಬಂದದ್ದು ಅಪರೂಪ. ಹಾಗಾಗಿ ಜನ ಪ್ಲೇಗಿಗಿಂತ ಹೆಚ್ಚು ನನಗೇ ಹೆದರುತ್ತಿದ್ದರು. ನಾನು ಮಾಡಿದ ಪಾಪವಾದರೂ ಏನು?

ನೀಲವ್ವ ಎಂಬಾಕೆ ಗಿರಣಿಯಲ್ಲಿ ಹತ್ತಿ ಆರಿಸುತ್ತಿದ್ದಳು. ಗಂಡನೂ ಇಬ್ಬರು ಮಕ್ಕಳೂ ತೀರಿಹೋಗಿದ್ದರು. ಉಳಿದವಳು ಐದು ವರ್ಷದ ಕಲ್ಲವ್ವ. ಕಲ್ಲಿನಂತೆ ಗಟ್ಟಿಯಾಗಿ ಉಳಿಯಲಿ ಎಂದು ಇಟ್ಟ ಹೆಸರು. ಆ ಹುಡುಗಿಯ ಕಂಕುಳಿಗೆ ಡಾಕ್ಟರು ನನ್ನನ್ನು ಇಟ್ಟಾಗ ಬಾವಿಗೆ ಬಿದ್ದಂತಾಯಿತು. ತಾಯಿ ಅಲ್ಲಿಯವರೆಗೂ ಅಲ್ಲಿ ತಣ್ಣೀರಿನ ಬಟ್ಟೆ ಒತ್ತಿ ಹಿಡಿದಿದ್ದಳು. ಹುಡುಗಿಯ ಹಲ್ಲು ಕಟಕಟ ಎನ್ನುತ್ತಿತ್ತು, ನಾನು ಮಾತ್ರ ತೊಂಬತ್ತೇಳರಲ್ಲೇ ನಿಂತೆ. ಹೊರಗೆ ತೆಗೆದಾಗ ನನ್ನ ತುದಿಯಿಂದ ಒಂದು ಹನಿ ನೀರು ನೆಲಕ್ಕೆ ಬಿತ್ತು. ಡಾಕ್ಟರು ಆ ಹನಿಯನ್ನು ನೋಡಿದರು. ಆಮೇಲೆ ನೀಲವ್ವನನ್ನು ನೋಡಿದರು.

"ಇದೊಂದ ಉಳದೈತ್ರೀ ಸಾಹೇಬರ" ಎಂದಳು ಅವಳು.

ಡಾಕ್ಟರು ನನ್ನನ್ನು ಕೋಟಿಗೆ ಒರೆಸಿಕೊಂಡರು. "ಜ್ವರ ಇಲ್ಲ" ಎಂದು ಶೆಡ್ಡಿಗೆ ಒಯ್ಯಲು ಹೊರಗೆ ಕಾದಿದ್ದ ಸಿಪಾಯಿಗೆ ಕೂಗಿ ಹೇಳಿದರು. ಸಂಜೆ ತಾವೇ ಬಂದು ಕ್ವಿನೈನ್ ಕೊಟ್ಟು ಹೋದರು. ಅದು ಬರೀ ಮಲೇರಿಯಾ. ಹದಿನೈದು ದಿನಕ್ಕೆ ಕಲ್ಲವ್ವ ಓಣಿಯ ತುಂಬ ಕುಣಿದಾಡಿದಳು. ಅವಳನ್ನು ಕಂಡ ದಿನ ಡಾಕ್ಟರ ಎದೆ ಎಷ್ಟು ಹಗುರವಾಗಿ ಬಡಿದುಕೊಂಡಿತು ಎಂದು ಜೇಬಿನಲ್ಲಿದ್ದ ನನಗೆ ಗೊತ್ತು.

ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಪಕ್ಕದ ಮನೆಯ ಫಕೀರವ್ವನ ಗಂಡ ಜ್ವರದಿಂದ ಮಲಗಿದಾಗ ನೀಲವ್ವ ಅವಳಿಗೂ ಉಪಾಯ ಹೇಳಿಕೊಟ್ಟಳು: "ಹಸಿ ಅರಿವಿ ಇಡವಾ. ಆ ಡಾಕ್ಟರ್ ಕರುಣಾ ಇದ್ದಾಂವ." ಮತ್ತೆ ಅದೇ ತಂಪು, ಅದೇ ಹನಿ. ಡಾಕ್ಟರು ಹೊದಿಕೆ ಸರಿಸಿ ತೊಡೆಯ ಸಂದಿಯಲ್ಲಿ ಪ್ಲೇಗಿನ ಗಡ್ಡೆಯಿದೆಯೇ ಎಂದು ನೋಡಬೇಕಿತ್ತು. ಫಕೀರವ್ವನ ಕಣ್ಣು ನೋಡಿದರು, ಅಷ್ಟೇ. "ಜ್ವರ ಇಲ್ಲ" ಎಂದುಬಿಟ್ಟರು. ನನಗೆ ಬಾಯಿದ್ದಿದ್ದರೆ ಕಿರುಚಿಬಿಡುತ್ತಿದ್ದೆ.

ಅದು ಪ್ಲೇಗು. ಅವತ್ತೇ ಗೊತ್ತಾಗಿದ್ದರೆ ಓಣಿ ಖಾಲಿಯಾಗುತ್ತಿತ್ತು, ಜನ ಉಳಿಯುತ್ತಿದ್ದರು. ಗೊತ್ತಾಗುವ ಹೊತ್ತಿಗೆ ಮೊದಲು ಇಲಿಗಳು ಸತ್ತು ಬಿದ್ದವು, ಆಮೇಲೆ ಮನುಷ್ಯರು. ಫಕೀರವ್ವನ ಮನೆಯಲ್ಲಿ ದೀಪ ಹಚ್ಚುವವರು ಉಳಿಯಲಿಲ್ಲ. ಕಲ್ಲವ್ವನೂ ಹೋದಳು.

ನೀಲವ್ವ ಗಿರಣಿ ಬಿಟ್ಟು ದವಾಖಾನೆಯ ಕಸ ಗುಡಿಸಲು ಬಂದಳು. ಡಾಕ್ಟರು ಒಂದು ದಿನ ಅವಳ ಎದುರು ನಿಂತು, "ತಪ್ಪು ನಂದು, ನೀಲವ್ವಾ" ಎಂದರು. "ಹೇಳಿಕೊಟ್ಟಾಕಿ ನಾನರೀ" ಎಂದಳು ಅವಳು. ಆ ವಿಷಯ ಇಬ್ಬರೂ ಮತ್ತೆ ಎತ್ತಲಿಲ್ಲ. ಅಂದಿನಿಂದ ಡಾಕ್ಟರು ನನ್ನನ್ನು ರೋಗಿಗಳ ಬಾಯಿಯಲ್ಲೇ ಇಟ್ಟರು, ಯಾರ ಮುಖವನ್ನೂ ನೋಡದೆ ನನ್ನ ಗೆರೆಯನ್ನಷ್ಟೇ ನೋಡಿದರು. ಜನ ಅವರನ್ನು ಕಟುಕ ಎಂದರು.

ದೊಡ್ಡ ಯುದ್ಧ ಮುಗಿದ ವರ್ಷ ಇನ್‌ಫ್ಲುಯೆಂಜಾ ಬಂತು. ಸುಡಲು ಕಟ್ಟಿಗೆ ಸಿಗಲಿಲ್ಲ, ಹೊರಲು ಹೆಗಲು ಸಿಗಲಿಲ್ಲ. ಊರೆಲ್ಲ ಓಡಾಡಿದ ಡಾಕ್ಟರು ಕೊನೆಗೆ ತಾವೇ ಮಲಗಿದರು. ನೋಡಿಕೊಳ್ಳಲು ಇದ್ದವಳು ನೀಲವ್ವ ಒಬ್ಬಳೇ.

"ಕಡ್ಡಿ ಇಡವಾ. ಬಾಯಾಗ ಬ್ಯಾಡ, ಉಸಿರು ಕಟ್ತದ" ಎಂದರು. ಅವಳು ಅವರ ಕಂಕುಳಿಗೆ ನನ್ನನ್ನು ಸೇರಿಸಿದಳು. ಅಲ್ಲಿ ತಣ್ಣೀರಿರಲಿಲ್ಲ, ಬಟ್ಟೆಯಿರಲಿಲ್ಲ. ನಾನು ಏರಿದೆ, ಏರಿದೆ, ನೂರಾ ಐದಕ್ಕೆ ಹೋಗಿ ಮುಟ್ಟಿದೆ.

"ಎಷ್ಟದ?"

ನೀಲವ್ವನಿಗೆ ಅಂಕಿ ಬರುತ್ತಿರಲಿಲ್ಲ. ಬೆಳ್ಳಿಯ ಎಳೆ ತುದಿಯವರೆಗೂ ಓಡಿರುವುದು ಮಾತ್ರ ಕಾಣುತ್ತಿತ್ತು. ಕಿಟಕಿಯ ಬೆಳಕಿಗೆ ನನ್ನನ್ನು ಹಿಡಿದು ಬಹಳ ಹೊತ್ತು ನೋಡಿದಳು.

"ಜ್ವರ ಇಲ್ರೀ ಸಾಹೇಬರ" ಎಂದಳು.

ಅವಳಿಗೆ ಓದಲು ಬಾರದೆಂದು ಡಾಕ್ಟರಿಗೆ ಗೊತ್ತಿತ್ತು. "ಹೌದಾ? ಛಲೋ ಆತು ಬಿಡು" ಎಂದು ಕಣ್ಣು ಮುಚ್ಚಿದರು. ದೀಪ ಹಚ್ಚುವ ಮೊದಲೇ ಹೋಗಿಬಿಟ್ಟರು.

ಈಗ ನಾನು ನೀಲವ್ವನ ಮನೆಯ ಗೋಡೆಯ ಗೂಡಿನಲ್ಲಿದ್ದೇನೆ. ಯಾರಿಗೂ ನನ್ನನ್ನು ಇಡುವುದಿಲ್ಲ ಅವಳು, ಧೂಳು ಒರೆಸುತ್ತಾಳೆ ಅಷ್ಟೇ. ನನ್ನ ಜಾತಿಯ ಕಡ್ಡಿಗಳಲ್ಲಿ ಒಮ್ಮೆ ಏರಿದ ಪಾದರಸ ತಾನಾಗಿ ಇಳಿಯುವುದಿಲ್ಲ, ಜೋರಾಗಿ ಕೊಡವಬೇಕು. ಅದು ಅವಳಿಗೆ ಗೊತ್ತಿಲ್ಲ. ಡಾಕ್ಟರು ಹೋಗಿ ಎಷ್ಟೋ ವರ್ಷಗಳಾದವು. ಅವರ ಜ್ವರ ಇನ್ನೂ ಇಳಿದಿಲ್ಲ.